ಮಂಚಕ್ಕೆ ಕಟ್ಟಿದ ಸ್ಕ್ರೀನು

...ಅಲ್ಲ ಕಣೇ, ಚೀಲ ಆಮೇಲೆ ಇಳಿಸು, ಮೊದಲು ಇಲ್ಲಿ ಬಾ. ಬಗ್ಗು. ಅಮ್ಮನ ಮಂಚದ ಕಾಲು ನೋಡು. ಕಾಣಿಸ್ತಾ? ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸ್ಕ್ರೀನು. ಮುಟ್ಟಬೇಡ! ಮುಟ್ಟಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ.

ಏನು ಹಾಗೆ ನೋಡ್ತೀಯ? ಬಾಂಬ್ ಅಲ್ಲ ತಾಯಿ. ಫೋನು ಅಡ್ಡ ಹಿಡಿದ್ರೆ ಚಿತ್ರಾನೂ ಅಡ್ಡ ತಿರುಗುತ್ತಲ್ಲ, ಅದರೊಳಗಿನ ಸೆನ್ಸಾರೇ ಇದು. ನನ್ನ ರಿಪೇರಿ ಅಂಗಡೀಲಿ ಬಿದ್ದಿತ್ತು. ಒಂದು ಪುಟ್ಟ ಬೋರ್ಡಿಗೆ ಬೆಸುಗೆ ಹಾಕಿ, ಇಲ್ಲಿ ಟೇಪು ಸುತ್ತಿದೆ. ಮಂಚ ಅಲುಗಿದ್ರೆ ಅಂಕಿ ಏರುತ್ತೆ, ಕೆಳಗೆ ಗೆರೆ ಎದ್ದು ನಿಲ್ಲುತ್ತೆ. ಅಲುಗದಿದ್ರೆ ಗೆರೆ ಮಲಗಿರುತ್ತೆ. ಅಷ್ಟೇ.

ಯಾಕೆ ಅಂತ ಕೇಳು... ಕೇಳಲ್ಲ ನೀನು. ಸರಿ, ನಾನೇ ಹೇಳ್ತೀನಿ. ಮೊನ್ನೆ ಬಂದಾಗ ನರ್ಸಮ್ಮ ಏನಂದ್ರು? ಅಮ್ಮನ ಬೆನ್ನು ಕೆಂಪಾಗಿದೆ, ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸ್ತಿಲ್ಲ, ಹೀಗೇ ಬಿಟ್ರೆ ಹುಣ್ಣಾಗಿ ಮೂಳೆವರೆಗೂ ಹೋಗುತ್ತೆ ಅಂದ್ರು. ಅಂದ್ರೆ ಯಾರೋ ಒಬ್ಬರು ಕೈಕಟ್ಟಿ ಕೂತಿದ್ದಾರೆ! ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ನೀನು. ಮೂರನೆಯವರು ಯಾರಿದ್ದಾರೆ, ಹೇಳು? ಅವತ್ತೇ ಸಂಜೆ ಕೂತು ಇದನ್ನ ಮಾಡಿದೆ.

ಈಗ ಗೆರೆ ನೋಡು. ಇದು ನಿನ್ನೆ ಬೆಳಗಿಂದು, ನಂದು. ಗರಗಸದ ಹಲ್ಲಿನ ಹಾಗೆ ಎದ್ದಿದೆ. ಇದು ಮಧ್ಯಾಹ್ನದ್ದು. ನಿಂದು. ಏನಿದೆ? ಮಟ್ಟಸ! ಅಲ್ಲಲ್ಲಿ ಸಾಸಿವೆಯಷ್ಟು ಉಬ್ಬು... ಬೀದೀಲಿ ಲಾರಿ ಹೋಗಿರಬೇಕು. ಅಮ್ಮನ್ನ ಹೊರಳಿಸಿದೆ, ಹೊರಳಿಸಿದೆ ಅಂತೀಯಲ್ಲ, ಎಲ್ಲಿ? ತೋರಿಸು!

ನಗ್ತೀಯಾ? ನಗು ಯಾಕೆ ಬಂತು? ಒಡಹುಟ್ಟಿದವಳ ಮೇಲೆ ಅನುಮಾನ ಪಡೋಕೆ ನನಗೇನು ಖುಷೀನಾ?

ಅಮ್ಮನ ಕಡೆ ಯಾಕೆ ತೋರಿಸ್ತೀಯ? ಅವಳನ್ನೇ ಕೇಳಬೇಕಾ? ಅವಳ ಮಾತು ಬಿಡು. ನಿನ್ನೆಯಿಂದ, ಬೆಳಗಾದ್ರೆ ಸಾಕು, ಮನೆ ನಡುಗ್ತಿದೆ, ಭೂಕಂಪ ಅಂತಾಳೆ. ಪಾಪ, ಭ್ರಮೆ. ಅಂಕಿಗೆ ಭ್ರಮೆ ಬರಲ್ಲ.

ಏಯ್, ಎಲ್ಲಿಗೆ ಎದ್ದೆ? ಹೊರಳಿಸ್ತೀಯಾ? ಹೊರಳಿಸು, ಹೊರಳಿಸು. ನಾನಿಲ್ಲೇ ಕೂತು ಗೆರೆ ನೋಡ್ತೀನಿ. ಓ... ಮೊದಲು ಮಂಡಿ ಮಡಚಬೇಕಾ? ಒಂದು ಕೈ ಭುಜದ ಕೆಳಗೆ... ಇನ್ನೊಂದು ಸೊಂಟಕ್ಕೆ... ಬೆನ್ನಿಗೆ ದಿಂಬು... ಆಯ್ತಾ? ಇಷ್ಟು ಬೇಗ? ಅಮ್ಮ ನರಳಲೂ ಇಲ್ಲ...

ತಡಿ. ಗೆರೆ ಎದ್ದೇ ಇಲ್ಲ. ಸಾಸಿವೆಯಷ್ಟು ಉಬ್ಬು, ಅಷ್ಟೇ. ವೈರು ಸಡಿಲ ಆಗಿರಬೇಕು... ಇಲ್ಲ, ಗಟ್ಟಿಯಾಗೇ ಇದೆ. ಹಾಗಾದ್ರೆ ನಿನ್ನೆ ಮಧ್ಯಾಹ್ನದ ಆ ಉಬ್ಬುಗಳು... ಲಾರೀದಲ್ಲ. ಎಲ್ಲಾ ನೀನೇ...

ಸರಿ, ಸರಿ! ತಪ್ಪು ತಿಳ್ಕೊಂಡೆ. ಮುಗೀತಲ್ಲ? ನೀರು ಕುಡೀತೀಯಾ, ತರ್ಲಾ?... ಮತ್ತೇನು ಅಲ್ಲೇ ನೋಡ್ತೀಯ? ಬೆಳಗಿನ ಗೆರೇನಾ? ಅದು... ನಾನು ಸ್ವಲ್ಪ ಒರಟು ಕಣೇ. ನಿನ್ನ ಹಾಗೆ ನಯವಾಗಿ ಎತ್ತೋಕೆ ನನಗೆಲ್ಲಿ ಬರುತ್ತೆ?

ಬೈಯಿ, ಬೇಕಾದ್ರೆ. ನನ್ನ ಕಾಲು ಯಾಕೆ ನೋಡ್ತಿದ್ದೀಯ? ಮಂಚದ ಕಾಲಿನ ಧೂಳಲ್ಲಿ ಹಿಮ್ಮಡಿ ಗುರುತಾ? ಅದು ಹಳೇದು... ಅಮ್ಮ ಭೂಕಂಪ ಅಂದಿದ್ದಕ್ಕೂ ಇದಕ್ಕೂ... ಹೂಂ ಕಣೇ, ಹೊರಳಿಸಲಿಲ್ಲ, ಮಂಚಾನೇ ಒದ್ದು ಅಲುಗಿಸಿದೆ. ಆ ಬೆನ್ನನ್ನ ನಾನು ಹೇಗೆ ಮುಟ್ಟಲಿ? ಎಲ್ಲಿ ಮುರಿದುಹೋಗ್ತಾಳೋ ಅಂತ...

ಕೈ ಬಿಡು. ಬಿಡೇ! ಎಲ್ಲಿಗೆ ಎಳೀತೀಯ?... ಇಲ್ಲಾ? ಭುಜದ ಕೆಳಗಾ? ಹೀಗಾ?... ಅಮ್ಮಾ, ನಾನು ಕಣಮ್ಮ, ಹೆದರಬೇಡ... ಅಯ್ಯೋ... ಇವಳು ಇಷ್ಟು ಹಗುರ ಆಗಿದ್ದಾಳೆ ಅಂತ ನೀನು ನನಗೆ ಯಾಕೇ ಹೇಳಲಿಲ್ಲ?