ಯಾರೂ ಕಳಿಸದ ಸುದ್ದಿ

ಲೈಟ್ ಆರಿಸಿ, ಹತ್ರ ಬನ್ನಿ. ಇದು ನಮ್ಮ ಅಕ್ಕನ ಗಂಡನಿಗೆ ಆಗಿದ್ದು. ನಾನು ಕಾಗೆ ಹಾರಿಸ್ತೀನಿ ಅಂತೀರಿ, ಗೊತ್ತು... ಇದೊಂದು ಸಲ ಕೇಳಿ.

ಭಾವ ಹ್ಯಾಚರಿಯಲ್ಲಿ ಕೆಲಸ. ಕಾವು ಕೊಡೋ ದೊಡ್ಡ ಪೆಟ್ಟಿಗೆ, ಒಳಗೆ ಹತ್ತು ಸಾವಿರ ಕೋಳಿಮೊಟ್ಟೆ. ಶಾಖದ ಮೇಲೆ ಕಣ್ಣಿಡೋದು ದೂರದ ಒಂದು ಕಂಪನಿ. ಶಾಖ ಏರಿದ್ರೆ ಅವರ ಕಂಪ್ಯೂಟರ್ ಹ್ಯಾಚರಿಯ ಒಂದು ವಿಳಾಸಕ್ಕೆ ಸುದ್ದಿ ಕಳಿಸುತ್ತೆ. ವೆಬ್‌ಹುಕ್ ಅಂತಾರೆ. ಸುದ್ದಿ ಬಂತೋ, ಕಿಟಕಿ ತಾನಾಗೇ ತೆರೆಯುತ್ತೆ, ಸೈರನ್ ಕೂಗುತ್ತೆ, ಭಾವನ ಫೋನ್ ಬಡ್ಕೊಳ್ಳುತ್ತೆ.

ಕಳಿಸಿದ್ದು ಯಾರು ಅಂತ ಕೇಳೋ ಪದ್ಧತಿಯೇ ಇರ್ಲಿಲ್ಲ. ಆ ವಿಳಾಸ ಭಾವನ ಫೋನಲ್ಲಿ ನನಗೆ ಸಿಕ್ತು. ಮಂಗನ ಕೈಗೆ ಮಾಣಿಕ್ಯ! ಎರಡು ರಾತ್ರಿ ಹಾಸಿಗೆಯಿಂದಲೇ ಸುಳ್ಳು ಸುದ್ದಿ ಕಳಿಸಿ, ಎದುರುಮನೆಯಿಂದ ಭಾವ ಒಂದೇ ಚಪ್ಪಲಿಯಲ್ಲಿ ಓಡೋದು ನೋಡಿ ನಕ್ಕೆ. ಮಾಲೀಕರು ಭಾವನಿಗೆ ಹೇಳಿಬಿಟ್ರು: "ಇನ್ನೊಂದು ಸಲ ಸುಮ್ಸುಮ್ನೆ ಸೈರನ್ ಕೂಗಿದ್ರೆ ನೀನು ಬೇರೆ ಕೆಲಸ ನೋಡ್ಕೋ."

ನನ್ನ ಕಿತಾಪತಿ ಗೊತ್ತಾಗಿ ಭಾವ ಒಂದು ಗುಟ್ಟಿನ ಪದ ಇಟ್ರು. ಅವರಿಗೂ ಕಂಪನಿಗೂ ಮಾತ್ರ ಗೊತ್ತು. ಪದ ಇಲ್ಲದ ಸುದ್ದಿ ಒಳಗೆ ಹೋಗಲ್ಲ.

ಆಮೇಲೊಂದು ರಾತ್ರಿ... ಕೆಲಸ ಮುಗಿಸಿ ಭಾವ ಹಾಳುಬಾವಿ ದಾಟ್ತಿದ್ರು. ಒಂದು ಗಂಟೆ ದಾಟಿ ಹನ್ನೆರಡು ನಿಮಿಷ. ಚಪ್ಪಲಿ ಚರಕ್, ಚರಕ್. ಬಾವಿಯೊಳಗೆ ತೊಟ್... ತೊಟ್. ಜೇಬಲ್ಲಿ ಫೋನ್ ಗುಂಯ್ ಅಂತು: ಶಾಖ ಏರಿದೆ.

ನನಗೆ ಕರೆ ಮಾಡಿದ್ರು. "ಲೇ ಕೋತಿ, ಮತ್ತೆ ನೀನಾ?"

"ಅಮ್ಮನಾಣೆ ನಾನಲ್ಲ ಭಾವ." ಪಕ್ಕದಲ್ಲಿ ಅಪ್ಪ ಮಲಗಿದ್ರು, ಪಿಸುಗುಟ್ಟಿದೆ.

"ನನ್ನ ಕೆಲಸ ಹೋದ್ರೆ ನಿಮ್ಮಕ್ಕ ಒಲೆ ಮೇಲೆ ಏನಿಡ್ತಾಳೋ?"

"...ನಾನಲ್ಲ."

ವಾಪಸ್ ಓಡಿದ್ರು. ದಾರಿಯುದ್ದಕ್ಕೂ ಫೋನ್ ಗುಂಯ್, ಗುಂಯ್. ಬಾಗಿಲು ತೆಗೆದ್ರೆ... ಸೈರನ್ ಕೂಗ್ತಿದೆ, ಕಿಟಕಿ ತೆರೆದಿದೆ. ಶಾಖ ಮಾತ್ರ ಸರಿಯಾಗೇ ಇದೆ! ಶಾಖ ಏರದಂತೆ ನೋಡ್ಕೊಳ್ಳೋ ಫ್ಯಾನ್ ಬುರ್ರ್ ಅಂತ ತಿರುಗ್ತಿದೆ. ಭಾವ ನನ್ನ ಏಳು ಜನ್ಮಕ್ಕೂ ಸೇರಿಸಿ ಬೈಯೋಕೆ ಬಾಯಿ ತೆಗೆದ್ರು...

ಟಪ್.

ಕಣ್ಣೆದುರೇ ಫ್ಯಾನಿನ ಬೆಲ್ಟ್ ತುಂಡಾಯ್ತು.

ಭಾವ ಅಲ್ಲೇ ಇದ್ರಲ್ಲ, ಹೊಸ ಬೆಲ್ಟ್ ಹಾಕಿದ್ರು. ಇಲ್ದಿದ್ರೆ ಬೆಳಗಾಗೋದ್ರೊಳಗೆ ಮರಿಯೂ ಇಲ್ಲ, ಕೆಲಸವೂ ಇಲ್ಲ.

ಬೆಳಿಗ್ಗೆ ಕಂಪನಿಯವರು ಹೇಳಿದ್ರು: "ನಿನ್ನೆ ಸಂಜೆಯಿಂದ ನಮ್ಮ ಕಂಪ್ಯೂಟರೇ ಕೆಟ್ಟಿದೆ. ನಾವು ಏನೂ ಕಳಿಸಿಲ್ಲ."

ಹ್ಯಾಚರಿಗೆ ಬಂದ ಸುದ್ದಿಗಳ ದಾಖಲೆ ನಾನೇ ನೋಡಿದೆ, ಈ ಎರಡು ಕಣ್ಣಲ್ಲಿ. ಗುಟ್ಟಿನ ಪದ ಸರಿಯಾಗಿತ್ತು. ಮೊದಲ ಸಲಕ್ಕೇ "ತಲುಪಿತು" ಅಂತ ಹ್ಯಾಚರಿಯಿಂದ ಉತ್ತರವೂ ಹೋಗಿತ್ತು. ಉತ್ತರ ಸಿಕ್ಕಿದ್ರೆ ಕಳಿಸಿದ ಕಂಪ್ಯೂಟರ್ ಸುಮ್ಮನಾಗುತ್ತೆ. ಇದನ್ನ ಕಳಿಸಿದ್ದು ಸುಮ್ಮನಾಗಿಲ್ಲ. ನಿಮಿಷಕ್ಕೊಂದು ಸಲ, ಹನ್ನೊಂದು ಸಲ ಬಂದಿದೆ... ಭಾವ ಬೀಗ ತೆಗೆಯೋವರೆಗೂ.