ವಾಪಸ್ ಬಾರದ ಡಬ್ಬಿಗಳು

…ಗುದ್ದಬೇಡ ಅಕ್ಕ, ಗುದ್ದಬೇಡ! ಗುದ್ದಿದ್ರೆ ತೆಗೆಯೋ ಬಾಗಿಲಲ್ಲ ಅದು, ನಿನ್ನ ಕೈ ನೋಯುತ್ತೆ ಅಷ್ಟೆ. ನಾನಿಲ್ಲೇ ಇದೀನಿ, ಲಿಫ್ಟಿನ ಬಾಗಿಲ ಮುಂದೇನೇ, ನೆಲದ ಮೇಲೆ ಕೂತಿದೀನಿ. ಕೇಳಿಸ್ತಿದೆ ತಾನೆ? ಹಾಂ. ನಮ್ಮ ಮಹಡಿಗೂ ಕೆಳಗಿನದಕ್ಕೂ ಮಧ್ಯೆ ನಿಂತುಬಿಟ್ಟಿದೆ ಅದು. ಬೀಳಲ್ಲ! ಬೀಳೋ ಮಾತೇ ಇಲ್ಲ, ಬ್ರೇಕು ಗಟ್ಟಿಯಾಗಿ ಹಿಡ್ಕೊಂಡಿದೆ. ದೀಪ ಉರೀತಿದೆಯಲ್ಲ? ಫ್ಯಾನು? ಮತ್ತೆ! ಆರಾಮಾಗಿ ನಿನ್ನ ಬಟ್ಟೆ ಪೆಟ್ಟಿಗೆ ಮೇಲೆ ಕೂತ್ಕೋ.

ಗೊತ್ತು ಮಾರಾಯ್ತಿ, ಗೊತ್ತು. ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸು. ನಿನ್ನ ಕನ್ನಡಕದ ಅಂಗಡಿಯವರು ಕೆಳಗೆ ಕಾರು ನಿಲ್ಲಿಸ್ಕೊಂಡು ಕಾಯ್ತಿದಾರೆ. ಇವತ್ತು ತಪ್ಪಿದ್ರೆ ಇನ್ನೊಂದು ತಿಂಗಳು ದಿನ ಸಿಗಲ್ಲ, ಅಷ್ಟರಲ್ಲಿ ಅವರು ಹೊಸ ಅಂಗಡಿ ಅಂತ ಬೇರೆ ಊರಿಗೆ ಹೋಗಿರ್ತಾರೆ… ಎಲ್ಲಾ ಗೊತ್ತು. ನಿನಗೆ ನಲವತ್ತಾರನೇ ವಯಸ್ಸಿಗೆ ಮದುವೆ ಕೂಡಿ ಬಂದಿದೆ, ತಮ್ಮನಾಗಿ ನನಗೆ ಖುಷಿ ಇರಲ್ವಾ? ಬೆಳಿಗ್ಗೆ ಎದ್ದು ನಾನೇ ತಾನೆ ನಿನಗೆ ಚಹಾ ಮಾಡಿಕೊಟ್ಟಿದ್ದು!

ಯಾಕೆ ನಗ್ತೀಯ? ಸಕ್ಕರೆ ಹಾಕೋದು ಮರೆತಿದ್ದೆ, ಸರಿ. ಅದೇನು ಮಹಾ.

ಮೆಕ್ಯಾನಿಕ್ಕಾ? ಫೋನ್ ಮಾಡಿದೀನಿ, ಬರ್ತಾ ಇದಾನೆ. ದಾರೀಲಿದಾನಂತೆ. ನಿನ್ನ ಫೋನ್ ಅಲ್ಲಿ ಹತ್ತಲ್ಲ ಬಿಡು, ಸುತ್ತ ಕಬ್ಬಿಣ. ಗಂಟೆ ಒತ್ತಿದ್ಯಾ? ಹೊಡೀಲಿಲ್ಲ… ಹೂಂ, ಹೊಡೆಯಲ್ಲ ಅದು. ಯಾಕೆ ಅಂದ್ರೆ… ಬೇಡ, ಹೇಳಿದ್ರೆ ಮತ್ತೆ ಶುರು ಮಾಡಿದ ನೋಡು ಅಂತೀಯ. ಹೇಳ್ಲಾ? ನಿನಗೂ ಹೊತ್ತು ಹೋಗುತ್ತೆ. ಈ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯೊಳಗೆ ಎಲ್ಲಾ ಪ್ರೋಗ್ರಾಮನ್ನೂ ನಡೆಸೋ ಮೂಲ ಪ್ರೋಗ್ರಾಮು, ಕರ್ನಲ್ಲು, ನಾನೇ ಬರೆದಿದ್ದು ಅಲ್ವಾ, ಅದರ ಹೊಟ್ಟೆ ನನಗೆ ಗೊತ್ತು.

ನೀನು ಅಡುಗೆಮನೆ ಶೆಲ್ಫಿನಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿ ಸಾಲಾಗಿ ಇಡ್ತೀಯಲ್ಲ, ಹಾಗೇನೇ. ಮೆಮೊರಿನ ಮೊದಲೇ ಸಮಸಮವಾಗಿ ಕತ್ತರಿಸಿ ಇಟ್ಟಿರ್ತೀವಿ. ಪೂಲ್ ಅಂತೀವಿ. ನಲವತ್ತು ಡಬ್ಬಿ, ಎಲ್ಲಾ ಒಂದೇ ಸೈಜು. ನೀನೊಂದು ಬಟನ್ ಒತ್ತಿದ್ಯಾ, ಕರ್ನಲ್ ಒಂದು ಡಬ್ಬಿ ಎತ್ತಿ ಅದರಲ್ಲಿ 'ಕೆಳಗೆ ಹೋಗಬೇಕಂತೆ' ಅಂತ ಹಾಕಿ ಮೋಟಾರ್ ನೋಡ್ಕೊಳ್ಳೋ ಪ್ರೋಗ್ರಾಮಿಗೆ ಕೊಡುತ್ತೆ. ಅದು ಓದ್ಕೊಂಡು ಡಬ್ಬಿ ವಾಪಸ್ ಶೆಲ್ಫಿಗೆ. ಹುಡುಕೋ ಹಾಗಿಲ್ಲ, ಅಳೆಯೋ ಹಾಗಿಲ್ಲ, ಕಣ್ಣು ಮುಚ್ಚಿ ತೆಗೆಯೋದು. ಬಾಗಿಲಿಗೂ ಅದೇ ಡಬ್ಬಿ, ಗಂಟೆಗೂ ಅದೇ ಡಬ್ಬಿ. ದೀಪಕ್ಕೆ, ಫ್ಯಾನಿಗೆ ಮಾತ್ರ ನೇರ ವೈರು. ತಗೊಂಡೋರು ವಾಪಸ್ ಇಡ್ತಾ ಇರೋವರೆಗೂ ಏನೂ ತೊಂದರೆ ಇಲ್ಲ.

ಶೆಲ್ಫು ಖಾಲಿಯಾದ್ರೆ? ಖಾಲಿಯಾದ್ರೆ ಕೇಳಿದೋರು ಕಾಯ್ತಾರೆ. ಎಷ್ಟು ಹೊತ್ತು ಅಂತ ಬೇಕಾದ್ರೆ ಬರೀಬಹುದು, ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅಂತ. ನಾನು ಬರೆದಿರೋದು 'ಸಿಗೋವರೆಗೂ' ಅಂತ. ಆಫೀಸಲ್ಲಿ ಆಡ್ಕೊಂಡು ನಕ್ಕರು. ನಗಲಿ ಬಿಡು. ಅಮ್ಮ ಹೋದ್ಮೇಲೆ ನೀನು ಸ್ಕೂಲಿಂದ ಬರೋವರೆಗೂ ಮೆಟ್ಟಿಲ ಮೇಲೆ ಕೂತು ಕಾಯ್ತಿದ್ದವನು ನಾನು. ಕಾಯೋದಕ್ಕೂ ಒಂದು ಲೆಕ್ಕ ಇರುತ್ತೆ ಅಂತ ನನಗೆ ಯಾರು ಹೇಳ್ಕೊಟ್ಟಿದ್ರು?

ಅಯ್ಯೋ, ಅಳ್ತಾ ಇಲ್ಲಪ್ಪ! ನೆಗಡಿ.

ಈಗ ಶೆಲ್ಫೇ ಖಾಲಿ, ನಲವತ್ತರಲ್ಲಿ ಒಂದೂ ಇಲ್ಲ. ಅದಕ್ಕೇ ನೀನು ಅಲ್ಲಿ ಕೂತಿದೀಯ. ಯಾರು ತಗೊಂಡ್ರು ಅಂದ್ರೆ… ಯಾವುದೋ ಪ್ರೋಗ್ರಾಮು. ಹೀಗೆ ಆಗ್ತಾ ಇರುತ್ತೆ, ಒಂದು ತಗೊಂಡು ಮರೆಯುತ್ತೆ, ಇನ್ನೊಂದು ಮರೆಯುತ್ತೆ, ತಿಂಗಳುಗಟ್ಟಲೆ ಸೋರಿ ಸೋರಿ ಒಂದಿನ… ಏನು? ನಿನ್ನೆ ರಾತ್ರಿವರೆಗೂ ಸರಿ ಇತ್ತು, ಹೌದು. ಬೆಳಿಗ್ಗೆ ಹಾಲಿನವನೂ ಇದರಲ್ಲೇ ಬಂದ, ಹೌದು. ಅಯ್ಯೋ, ಲೆಕ್ಕದ ಟೀಚರ್ ಹತ್ರ ಮಾತಾಡೋದೇ ಕಷ್ಟ! ಸೋರಿದ್ದಲ್ಲ ಸರಿ, ಒಂದೇ ಸಲಕ್ಕೆ ಹೋಗಿದೆ. ನಲವತ್ತೂ ಒಂದೇ ಕಡೆ ಇದೆ, ನನ್ನ ಪರದೆ ಮೇಲೆ ಕಾಣ್ತಾ ಇದೆ…

ಪರದೆ ಅಂದ್ರೆ ಲ್ಯಾಪ್‌ಟಾಪು. ತಗೊಂಡ್ಬಂದೆ, ಏನಾಗಿದೆ ನೋಡೋಣ ಅಂತ. ಆಮೇಲೆ ತಂದಿದ್ದು! ನಿಂತಮೇಲೆ. ಇಲ್ಲಿ ಬಟನ್ ತಗಡಿನ ಹಿಂದೆ ಒಂದು ಸಾಕೆಟ್ ಇದೆ, ವೈರು ಹಾಕಿ… ಅದೇ ಒಂದೇ ಕಡೆ ಅಂದ್ರೆ ಎಲ್ಲಿ ಅಂತ ಕೇಳಿದ್ಯಾ? ಈ ಕಡೆ… ಹೊರಗಿಂದ ಬರೋ ವೈರಿನ ಕಡೆ.

ಅಕ್ಕಾ?

ಅಲ್ಲ, ನೀನು ಏನೇನೋ ಅಂದ್ಕೋಬೇಡ. ವೈರು ಅಂದ್ರೆ ನಂದೇ ವೈರು ಅಂತಲ್ಲ. ಅಕ್ಕಾ, ಮಾತಾಡು. ಕೂತಿದೀಯಾ, ನಿಂತಿದೀಯಾ? ತಲೆ ಸುತ್ತುತಾ ಇದೆಯಾ? ಹೂಂ ಅನ್ನು ಸಾಕು. ನೋಡು, ಆಟ ಆಡೋ ಹೊತ್ತಲ್ಲ ಇದು. ಬಾಗಿಲಿಗೆ ಒಂದ್ಸಲ ಗುದ್ದು, ಆಗಲೇ ಗುದ್ದಿದ್ಯಲ್ಲ ಹಾಗೆ!

…ಉಸಿರು ಕೇಳಿಸ್ತಿದೆ. ಇದೀಯ. ಬೇಕಂತಲೇ ಸುಮ್ಮನಿದೀಯ.

ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ, ನೀನಿನ್ನೂ ಕಳ್ಳ ಅಂತಾನೂ ಅಂದಿಲ್ಲ… ಚಿಕ್ಕವನಿದ್ದಾಗ್ಲೂ ಹೀಗೇ. ನೀನು ಹೊಡೀತಿರಲಿಲ್ಲ, ಬೈತಿರಲಿಲ್ಲ, ಸುಮ್ಮನೆ ಕೂತ್ಬಿಡ್ತಿದ್ದೆ. ನಾನೇ ಬಂದು ಬಡಬಡ ಅಂತ ಹೇಳ್ಬಿಡ್ತಿದ್ದೆ. ಸಾಕು ಅಕ್ಕ, ಸಾಕು! ನಾನೇ. ಆಯ್ತಾ? ನಾನೇ ತಗೊಂಡಿದ್ದು. ನೀನು ಪೆಟ್ಟಿಗೆ ಎಳ್ಕೊಂಡು ಲಿಫ್ಟೊಳಗೆ ಹೋಗಿ 'ಬರ್ತೀನೋ' ಅಂದೆ, ಬಾಗಿಲು ಮುಚ್ತು, ನಾನು ಓಡಿಬಂದು ಎಂಟರ್ ಒತ್ತಿದೆ. ವೈರು ಬೆಳಿಗ್ಗೆನೇ ಹಾಕಿಟ್ಟಿದ್ದೆ, ಚಹಾ ಮಾಡೋಕೆ ಮುಂಚೆ. ಮೆಕ್ಯಾನಿಕ್‌ಗೆ ಫೋನೂ ಮಾಡಿಲ್ಲ, ಯಾವನೂ ಬರ್ತಾ ಇಲ್ಲ. ಹನ್ನೊಂದು ದಾಟಲಿ ಅಂತ, ಅಷ್ಟೆ! ದಾಟಿದ್ಮೇಲೆ ಬಿಟ್ಟುಬಿಡೋಣ, ನೀನು ಹೊರಗೆ ಬರ್ತೀಯ, ಸಿಡಿಮಿಡಿ ಅಂತೀಯ, ಸಂಜೆ ಹೊತ್ತಿಗೆ ಮಕ್ಕಳ ಉತ್ತರಪತ್ರಿಕೆ ಹಿಡ್ಕೊಂಡು ಕೂತಿರ್ತೀಯ, ಎಲ್ಲಾ ಮೊದಲಿನ ಥರ…

ಅವರು ಒಳ್ಳೇ ಮನುಷ್ಯ ಅಕ್ಕ. ಅದೇ ನನಗೆ ಸಂಕಟ. ಕೆಟ್ಟವರಾಗಿದ್ರೆ ಜಗಳ ಆಡಬಹುದಿತ್ತು.

ಈಗ ಬಿಡು ಅಂತೀಯ. ಬಿಡ್ತಿದೀನಿ! ಆಗ್ಲಿಂದ ಬಿಡ್ತಾನೇ ಇದೀನಿ, ಆಗ್ತಿಲ್ಲ! ನಿನ್ನ ಉಗುರು ಬಾಗಿಲಿಗೆ ಕೆರೆಯೋದು ಕೇಳಿಸ್ತಲ್ಲ, ಆವಾಗ್ಲೇ ನನಗೆ ಬೇಡ ಅನ್ನಿಸ್ಬಿಡ್ತು. 'ವಾಪಸ್ ಕೊಡು' ಅಂತ ಕಳಿಸಿದೆ. ಆದ್ರೆ ಆ ಮಾತು ಒಳಗೆ ಹೋಗ್ಬೇಕಂದ್ರೆ ಅದಕ್ಕೂ ಒಂದು ಡಬ್ಬಿ ಬೇಕು. ಒಂದೂ ಇಲ್ಲ! ಮೂವತ್ತೊಂಬತ್ತು ಹಿಡ್ಕೊಂಡು ಒಂದನ್ನ ಬಿಡಬೇಕಿತ್ತು, ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನವೇ ಹೇಳಿಕೊಡೋ ಪಾಠ ಅದು. ನಾನು ಅವಸರದಲ್ಲಿ ನಲವತ್ತೂ ಬಾಚ್ಕೊಂಡೆ. ಈಗ ಆ ಮಾತೂ ಸಾಲಿನಲ್ಲಿ ನಿಂತಿದೆ, ನೀನು ಒತ್ತಿದ ಬಟನ್ ಹಿಂದೆ, ಗಂಟೆ ಹಿಂದೆ… ಸಿಗೋವರೆಗೂ. ತೋಡಿದ ಹಳ್ಳಕ್ಕೆ ನಾನೇ ಬಿದ್ದೆ, ನಿನ್ನನ್ನೂ ಎಳ್ಕೊಂಡು.

ಬೈಯೇ! ಹಾಳಾಗಿಹೋಗು ಅನ್ನು! ಪುಟ್ಟ ಅಂತ ಒಂದ್ಸಲ ಕರಿ, ಬೇಡ, ಬೈದೇ ಬಿಡು…



ಇನ್ನೊಂದು ದಾರಿ ಇದೆ ಅಂತ ನಿನಗೆ ಗೊತ್ತಾಗಿದೆ ಅಲ್ವಾ. ಇಷ್ಟೆಲ್ಲ ಒದರಿದೋನು ಅದೊಂದನ್ನ ಹೇಳ್ತಿಲ್ಲ ಅಂತ. ಇದೆ. ಟೆರೇಸ್ ಮೇಲಿನ ರೂಮಲ್ಲಿ ಮೇನ್ ಸ್ವಿಚ್ಚು. ಬೀಗ ಹಾಕಿದೆ, ಆದ್ರೆ ಅದೇನು ದೊಡ್ಡ ಬೀಗ ಅಲ್ಲ, ಸುತ್ತಿಗೆ ಮನೇಲೇ ಇದೆ. ಆರಿಸಿ ಮತ್ತೆ ಹಾಕಿದ್ರೆ ಪೂಲ್ ಹೊಸದಾಗಿ ಕಟ್ಕೊಳ್ಳುತ್ತೆ. ಆಮೇಲೆ ಲಿಫ್ಟು ಯಾರ ಮಾತೂ ಕೇಳಲ್ಲ, ಎಲ್ಲಿ ನಿಂತಿದ್ರೂ ಮೊದಲು ಸೀದಾ ನೆಲಮಹಡಿಗೆ ಹೋಗುತ್ತೆ. ಹಾಗೆ ಬರೆದಿದೀನಿ. ಅಲ್ಲಿ ಅವರಿದಾರೆ, ಅದಕ್ಕೇ ಇಷ್ಟು ಹೊತ್ತು ಹೇಳ್ಲಿಲ್ಲ.

ಹೋಗ್ತಿದೀನಿ. ಎದ್ದೆ, ನೋಡು. ಹನ್ನೊಂದಕ್ಕೆ ಹತ್ತು ನಿಮಿಷ ಇದೆ ಇನ್ನೂ, ಅವರು ಜೋರಾಗಿ ಓಡಿಸಿದ್ರೆ ಸಿಗುತ್ತೆ. ದೀಪ ಆರುತ್ತೆ ಅಕ್ಕ, ಸ್ವಲ್ಪ ಹೊತ್ತು ಕತ್ತಲು, ಹೆದರ್ಕೋಬೇಡ. ಪೆಟ್ಟಿಗೆ ಗಟ್ಟಿಯಾಗಿ ಹಿಡ್ಕೋ. ಆಮೇಲೆ ಬಾಗಿಲು ತೆಗೆಯುತ್ತೆ… ಇಲ್ಲಿ ಅಲ್ಲ, ಕೆಳಗೆ.