ತೀರ್ಪಿನ ನಡುವೆ ಬಂದ ಕೆಮ್ಮು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನ್ಯಾಯಮೂರ್ತಿಗಳೇ, ಕಪ್ಪು ಕೋಟಿನಲ್ಲಿ ಬೆವರುತ್ತ ಕೂತಿರುವ ವಕೀಲರೇ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತಿರುವ ನಮ್ಮ ಕಚೇರಿಯವರೇ, ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ಸಾಹೇಬರು ಹೇಳಿದ್ದನ್ನು ಇಪ್ಪತ್ತೆರಡು ವರ್ಷ ಬರೆದುಕೊಂಡ ಸ್ಟೆನೋ ನಾನು. ನಾನಾಗಿ ಮಾತಾಡುತ್ತಿರುವುದು ಇದೇ ಮೊದಲು. "ಸಾಹೇಬರ ಮಾತು ಅಷ್ಟು ಚೆನ್ನಾಗಿ ಕೇಳ್ತೀಯ, ನನ್ನ ಮಾತು ಯಾಕೆ ಕೇಳಲ್ಲ?" ಎಂದು ನಮ್ಮ ಮನೆಯವರು ರೇಗಿಸುತ್ತಿದ್ದರು. "ಅವರು ಹೇಳಿದ್ದನ್ನ ತಿದ್ದಿಕೊಳ್ತಾರೆ, ನೀವು ತಿದ್ದಿಕೊಳ್ಳಲ್ವಲ್ಲ" ಎನ್ನುತ್ತಿದ್ದೆ.

ಸಾಹೇಬರದೊಂದು ಪದ್ಧತಿ. ತೀರ್ಪು ಬರೆಸಿದ ಮೇಲೆ ನಾನು ಅದನ್ನು ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ತಡವರಿಸಿದರೆ, "ಅಲ್ಲೇನೋ ಸರಿಯಿಲ್ಲ, ಹೊಡೆದುಹಾಕಿ" ಎನ್ನುತ್ತಿದ್ದರು.

ಒಂಬತ್ತು ವರ್ಷದ ಹಿಂದಿನ ಆ ಮೊಕದ್ದಮೆ ನಿಮಗೆಲ್ಲ ನೆನಪಿದೆ. ಅಧಿಕಾರದಲ್ಲಿದ್ದಾಗ ಒಂದು ಬೀದಿಯನ್ನೇ ಕೆಡವಿಸಿದ ರಾಷ್ಟ್ರನಾಯಕರ ಮೇಲೆ ಒಬ್ಬ ದರ್ಜಿ ಹೆಂಗಸು ದಾವೆ ಹೂಡಿದ್ದರು. ಪೀಠದಲ್ಲಿ ಮೂವರು. ನಾಯಕರಿಗೆ ಕಾನೂನಿನ ರಕ್ಷಣೆ ಇದೆ, ದಾವೆ ನಡೆಯದು ಎಂದು ಇಬ್ಬರು ಆಗಲೇ ಬರೆದಿದ್ದರು. ಸಾಹೇಬರೂ ಹಾಗೆಯೇ ಬರೆಸಿದರು. ನಾನು ಓದಿದೆ. "ಹುದ್ದೆಯಲ್ಲಿದ್ದಾಗ ಮಾಡಿದ್ದಕ್ಕೆ ಅವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ" ಎಂಬಲ್ಲಿ ನನ್ನ ದನಿ ನಿಂತುಹೋಯಿತು.

ಸಾಹೇಬರು ಕಣ್ಣು ತೆರೆದರು. "ಹೊಡೆದುಹಾಕಿ" ಎಂದರು. ಆ ವಾಕ್ಯದ ಜೊತೆ ಇಡೀ ತೀರ್ಪೇ ಹೋಯಿತು. ಹುದ್ದೆಗೆ ಗೌರವ ಇರಲಿ, ಅದರ ಹಿಂದೆ ಅಡಗಿಕೊಳ್ಳುವ ಹಕ್ಕಿಲ್ಲ ಎಂದು ಹೊಸದಾಗಿ ಬರೆಸಿದರು. ಇಬ್ಬರ ಮುಂದೆ ಒಬ್ಬರ ಮಾತು ನಿಲ್ಲುತ್ತದೆಯೇ? ದರ್ಜಿ ಸೋತರು. ಆದರೂ ಸಾಹೇಬರ ಪುಟಗಳ ನಕಲು ಪಡೆಯಲು ಬಂದು, "ಒಬ್ಬರಾದ್ರೂ ಹೇಳಿದ್ರಲ್ಲ" ಎಂದು ಕಣ್ಣೊರೆಸಿಕೊಂಡರು. ಮುಂದೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಸಾಹೇಬರಿಗಿಂತ ಕಿರಿಯರಿಗೆ ಹೋಯಿತು. ಅಧ್ಯಕ್ಷರು ಕ್ಷಮಿಸಬೇಕು, ಆ ಕಿರಿಯರು ತಾವೇ.

ಇದನ್ನು ಹೇಳುತ್ತೇನೆಂದು ಬರೆದುಕೊಂಡು ಬಂದಿರಲಿಲ್ಲ. ಅಂದು ನನ್ನ ದನಿ ನಿಂತದ್ದು ನ್ಯಾಯಕ್ಕಾಗಿ ಅಲ್ಲ. ನನಗೆ ಕೆಮ್ಮು ಬಂದಿತ್ತು. ವಾರದಿಂದ ಗಂಟಲು ಕಟ್ಟಿತ್ತು, ಅಷ್ಟೇ. ನನ್ನೊಂದು ಕೆಮ್ಮು ಅವರ ದೊಡ್ಡ ಹುದ್ದೆಯನ್ನು ನುಂಗಿತಲ್ಲ ಎಂದು ಒಂಬತ್ತು ವರ್ಷ ಒಳಗೊಳಗೇ ಬೆಂದಿದ್ದೇನೆ. ಅವರ ಮನೆಯವರು ಎದುರಾದರೆ ತಲೆ ತಗ್ಗಿಸಿದ್ದೇನೆ.

ಇವತ್ತು ಬೆಳಿಗ್ಗೆ ಅವರ ಕೋಣೆಯ ಪುಸ್ತಕಗಳನ್ನು ಕಟ್ಟುವಾಗ ತಡೆಯಲಾಗದೆ ಹೇಳಿಬಿಟ್ಟೆ. ಸಾಹೇಬರು ನಕ್ಕರು. "ಕೆಮ್ಮು ಅಂತ ನನಗೆ ಗೊತ್ತಿರಲಿಲ್ವೇನಮ್ಮ? ಅವತ್ತು ಬಿಸಿನೀರು ತರಿಸಿಕೊಟ್ಟಿದ್ದು ಯಾರು? ಆ ಮಾತು ಹೇಳುವಾಗ ನನ್ನ ಗಂಟಲೇ ಕಟ್ಟಿತ್ತು. ನಿಲ್ಲಿಸೋ ಧೈರ್ಯ ಇರಲಿಲ್ಲ. ನೀವು ನಿಲ್ಲಿಸಿದ್ರಿ."

ಸಾಹೇಬರೇ, ತಮಗೂ ಅಮ್ಮನವರಿಗೂ, ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ನನ್ನ ಕೃತಜ್ಞತೆ. ಓದುತ್ತ ಓದುತ್ತ ಎರಡು ಕಡೆ ನನ್ನ ದನಿ ನಿಂತಿತು, ತಾವು ಗಮನಿಸಿರುತ್ತೀರಿ. ಯಾವುದನ್ನೂ ಹೊಡೆದುಹಾಕುವುದು ಬೇಡ. ಇವತ್ತು ನನಗೆ ಕೆಮ್ಮು ಇಲ್ಲ.

ನಮಸ್ಕಾರ.